ಒಂದೇ ಸಮಯಕ್ಕೆ ಎರಡು ಡಿಗ್ರಿ: ಎಂಜಿನಿಯರಿಂಗ್ ಜೊತೆ ಎಂಬಿಎ ಲೆಕ್ಕಾಚಾರ

ಐದನೇ ಸೆಮಿಸ್ಟರ್ ದಾಟುತ್ತಿದ್ದಂತೆ ಹಾಸ್ಟೆಲ್ ಕಾರಿಡಾರಿನಲ್ಲಿ, ಕ್ಯಾಂಟೀನಿನಲ್ಲಿ ಕೇಳಿಬರುವ ಪ್ರಶ್ನೆಗಳು ಬಹುತೇಕ ಅವೇ. ಪ್ಲೇಸ್‌ಮೆಂಟ್‌ಗೆ ಕೂರೋದಾ, ಗೇಟ್ ಬರೆಯೋದಾ, ಹೊರಗಡೆ ಎಂ.ಎಸ್. ಮಾಡೋದಾ, ಕ್ಯಾಟ್ ಬರೆದು ಎಂಬಿಎ ಕಡೆ ಹೋಗೋದಾ? ಈ ಪಟ್ಟಿಗೆ ಈಗ ಇನ್ನೊಂದು ಸೇರಿಕೊಂಡಿದೆ: "ಎರಡನ್ನೂ ಒಟ್ಟಿಗೇ ಮುಗಿಸಿಬಿಟ್ರೆ ಹೇಗೆ?" ಒಂದು ಕಡೆ ಟೆಕ್ನಿಕಲ್ ಡಿಗ್ರಿ, ಇನ್ನೊಂದು ಕಡೆ ಮ್ಯಾನೇಜ್‌ಮೆಂಟ್ ಡಿಗ್ರಿ. ವರ್ಷವೂ ಉಳೀತು, ರೆಸ್ಯೂಮೆಯೂ ತುಂಬ್ತು. ಆನ್‌ಲೈನ್ ಎಂಬಿಎ ಜಾಹೀರಾತುಗಳೂ ಇದನ್ನೇ ಹೇಳುತ್ತವೆ. ಮನೆಯಲ್ಲಿ ಹಿರಿಯರು ಮಾತ್ರ "ಎರಡು ದೋಣಿ ಮೇಲೆ ಕಾಲಿಡಬೇಡ" ಅನ್ನುತ್ತಾರೆ.

ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಬೇರೆ ಬೇರೆ ತೇಲುವ ಎರಡು ದೋಣಿಗಳ ಮೇಲೆ ಕಾಲಿಟ್ಟರೆ ಬೀಳುವುದು ಖಂಡಿತ. ಆದರೆ ಎರಡು ದೋಣಿಗಳನ್ನು ಬಿಗಿದು ಕಟ್ಟಿ, ಮೇಲೆ ಹಲಗೆ ಹಾಸಿ, ಸ್ಕೂಟರನ್ನೂ ಹೊಳೆ ದಾಟಿಸುವ ಅಂಬಿಗರಿದ್ದಾರೆ. ಹಾಗಾದರೆ ನೋಡಬೇಕಾದ್ದು ಹಲಗೆ ಇದೆಯೋ ಇಲ್ಲವೋ ಎಂಬುದನ್ನು. ಎರಡು ಡಿಗ್ರಿಗಳ ನಡುವೆ ಕ್ರೆಡಿಟ್, ಪ್ರಾಜೆಕ್ಟ್, ಇಂಟರ್ನ್‌ಶಿಪ್ ಏನಾದರೂ ಹಂಚಿಕೆಯಾಗುತ್ತದೆಯೇ? ಆಗುತ್ತಿದ್ದರೆ ಲಾಭದ ಮಾತಾಡಬಹುದು. ಏನೂ ಹಂಚಿಕೆಯಾಗದಿದ್ದರೆ ನೀವು ಎರಡು ಡಿಗ್ರಿಗೆ ಎರಡು ಪಟ್ಟು ದುಡ್ಡು, ಎರಡು ಪಟ್ಟು ಸಮಯ ಕೊಡುತ್ತಿದ್ದೀರಿ, ಅಷ್ಟೇ. ಈ ಒಂದು ಮಾತನ್ನು ಹಿಡಿದುಕೊಂಡು ಇಡೀ ವಿಷಯವನ್ನು ಬಿಡಿಸಿ ನೋಡೋಣ.

ಮೂರು ದಾರಿ, ಮೂರು ಹೆಸರು

"ಡ್ಯುಯಲ್ ಡಿಗ್ರಿ" ಅನ್ನುವ ಒಂದೇ ಪದವನ್ನು ನಾವು ಮೂರು ಬೇರೆ ಬೇರೆ ವಿಷಯಗಳಿಗೆ ಬಳಸುತ್ತೇವೆ. ಗೊಂದಲ ಶುರುವಾಗುವುದೇ ಅಲ್ಲಿ.

ಮೊದಲನೆಯದು ಜೋಡಿ ಪದವಿ. ಒಂದೇ ವಿಶ್ವವಿದ್ಯಾಲಯದ ಎರಡು ವಿಭಾಗಗಳು ಕೂತು ಮಾತಾಡಿ, ಒಂದೇ ವೇಳಾಪಟ್ಟಿ ಮಾಡಿ, ಕೆಲವು ಕ್ರೆಡಿಟ್‌ಗಳನ್ನು ಎರಡೂ ಕಡೆ ಲೆಕ್ಕಕ್ಕೆ ತೆಗೆದುಕೊಂಡು ಕೊಡುವ ಎರಡು ಡಿಗ್ರಿ.

ಎರಡನೆಯದು ಏಕಕಾಲದ ಪದವಿ. ಒಂದು ಕಡೆ ಎಂ.ಟೆಕ್., ಇನ್ನೊಂದು ಕಡೆ ಬೇರೆ ವಿಶ್ವವಿದ್ಯಾಲಯದ ಆನ್‌ಲೈನ್ ಎಂಬಿಎ. ಇವೆರಡಕ್ಕೂ ಪರಸ್ಪರ ಪರಿಚಯವೇ ಇಲ್ಲ. ಪರಿಚಯ ಇರುವುದು ನಿಮಗೆ ಮಾತ್ರ.

ಮೂರನೆಯದು ಒಂದಾದ ಮೇಲೊಂದು. ಬಿ.ಇ. ಮುಗಿಸಿ, ಕೆಲಸ ಮಾಡಿ, ಆಮೇಲೆ ಎಂಬಿಎ. ಕೆಲವರು ಕೆಲಸ ಬಿಟ್ಟು ಓದುತ್ತಾರೆ, ಕೆಲವರು ಕೆಲಸದ ಜೊತೆಗೇ ಓದುತ್ತಾರೆ.

ಮೂರೂ ದಾರಿಯಲ್ಲಿ ಕೊನೆಗೆ ಕೈಗೆ ಸಿಗುವುದು ಎರಡು ಸರ್ಟಿಫಿಕೇಟೇ. ಆದರೆ ಖರ್ಚು, ಶ್ರಮ, ಕಲಿಕೆ ಮೂರರಲ್ಲೂ ಬೇರೆ ಬೇರೆ.

ಆ ಒಂದು ವರ್ಷ ಎಲ್ಲಿ ಉಳಿಯುತ್ತದೆ?

ಜೋಡಿ ಪದವಿ ಹೆಚ್ಚು ಬೆಳೆದಿರುವುದು ಅಮೆರಿಕದಲ್ಲಿ. ಅಲ್ಲಿ ಕಾನೂನಿನ ಜೆ.ಡಿ. ಪದವಿಗೆ ಮೂರು ವರ್ಷ, ಎಂಬಿಎಗೆ ಎರಡು ವರ್ಷ. ಕೂಡಿದರೆ ಐದು. ಹಾರ್ವರ್ಡ್‌ನಲ್ಲಿ ಎರಡನ್ನೂ ಸೇರಿಸಿ ನಾಲ್ಕು ವರ್ಷಕ್ಕೆ ಮುಗಿಸುವ ಜಂಟಿ ಕಾರ್ಯಕ್ರಮವಿದೆ. ಪೆನ್ಸಿಲ್ವೇನಿಯಾ ಮತ್ತು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಗಳಲ್ಲಿ ಮೂರೇ ವರ್ಷದ ಕಾರ್ಯಕ್ರಮವೂ ಇದೆ. ಹಾಗೆಯೇ ವೈದ್ಯಕೀಯದ ಎಂ.ಡಿ.ಗೆ ಅಲ್ಲಿ ನಾಲ್ಕು ವರ್ಷ. ಎಂಬಿಎ ಸೇರಿದರೆ ಆರಾಗಬೇಕು, ಜೋಡಿಯಾಗಿ ಓದಿದರೆ ಸಾಮಾನ್ಯವಾಗಿ ಐದಕ್ಕೆ ಮುಗಿಯುತ್ತದೆ.

ಈ ವರ್ಷ ಎಲ್ಲಿಂದ ಉಳಿಯಿತು? ಪ್ರತಿ ಡಿಗ್ರಿಯಲ್ಲೂ ಎರಡು ಭಾಗ ಇರುತ್ತದೆ: ಕಡ್ಡಾಯ ವಿಷಯಗಳು ಮತ್ತು ಇಲೆಕ್ಟಿವ್‌ಗಳು. ಕಾನೂನಿನ ಮೊದಲ ವರ್ಷವಾಗಲಿ ಎಂಬಿಎ ಮೊದಲ ವರ್ಷವಾಗಲಿ ಬಹುತೇಕ ಕಡ್ಡಾಯ. ಅಲ್ಲಿ ಯಾರೂ ರಿಯಾಯಿತಿ ಕೊಡುವುದಿಲ್ಲ. ಆದರೆ ಇಲೆಕ್ಟಿವ್ ಭಾಗದಲ್ಲಿ, "ನೀನು ಬಿಸಿನೆಸ್ ಸ್ಕೂಲಿನಲ್ಲಿ ಓದಿದ ಕಾರ್ಪೊರೇಟ್ ಫೈನಾನ್ಸ್ ಕೋರ್ಸನ್ನು ಕಾನೂನಿನ ಇಲೆಕ್ಟಿವ್ ಅಂತಲೂ ಒಪ್ಪುತ್ತೇವೆ" ಎಂದು ಎರಡೂ ವಿಭಾಗಗಳು ಮೊದಲೇ ಬರೆದುಕೊಂಡಿರುತ್ತವೆ. ಒಂದೇ ಕೋರ್ಸ್, ಎರಡು ಕಡೆ ಲೆಕ್ಕ. ಉಳಿದ ವರ್ಷ ಎಂದರೆ ಹೀಗೆ ಎರಡು ಸಲ ಎಣಿಸಿದ ಕ್ರೆಡಿಟ್‌ಗಳ ಮೊತ್ತ.

ನಮ್ಮಲ್ಲೂ ಇದರ ಒಂದು ರೂಪ ಎಲ್ಲರಿಗೂ ಗೊತ್ತು. ಬಿಬಿಎ ಮೂರು ವರ್ಷ, ಪದವಿಯ ನಂತರದ ಎಲ್‌ಎಲ್‌ಬಿ ಮೂರು ವರ್ಷ. ಬೇರೆ ಬೇರೆ ಓದಿದರೆ ಆರು. ಬಿಬಿಎ-ಎಲ್‌ಎಲ್‌ಬಿ ಎಂದು ಜೋಡಿಸಿದರೆ ಐದು. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿ ಈ ಕೋರ್ಸ್ ಇದೆ. ಎಂಜಿನಿಯರಿಂಗ್ ಕಡೆ ಬಂದರೆ, ಎನ್‌ಎಂಐಎಂಎಸ್‌ನ ಐದು ವರ್ಷದ ಎಂಬಿಎ-ಟೆಕ್ ಬಿ.ಟೆಕ್. ಮತ್ತು ಎಂಬಿಎ ಎರಡನ್ನೂ ಒಂದೇ ದಾರದಲ್ಲಿ ಪೋಣಿಸುತ್ತದೆ. ಪಿಲಾನಿಯ ಬಿಟ್ಸ್‌ನಲ್ಲಿ ಎಂ.ಎಸ್‌ಸಿ. ಅರ್ಥಶಾಸ್ತ್ರಕ್ಕೆ ಸೇರಿದವರು ಮೊದಲ ವರ್ಷದ ಅಂಕಗಳ ಮೇಲೆ ಬಿ.ಇ.ಯನ್ನೂ ಪಡೆದು ಐದು ವರ್ಷಕ್ಕೆ ಎರಡೂ ಮುಗಿಸುತ್ತಾರೆ. ಅದು ಬಿಸಿನೆಸ್ ಡಿಗ್ರಿ ಅಲ್ಲ, ಆದರೆ ಜೋಡಿಸುವ ರೀತಿ ಅದೇ.

ಎಂಐಟಿಯಲ್ಲಿ ಹಲಗೆ ಹಾಸಿದ್ದು ಹೇಗೆ

ಎಂಜಿನಿಯರ್‌ಗಳಿಗೆ ಹೊಂದುವ ಅತ್ಯಂತ ಸ್ಪಷ್ಟ ಉದಾಹರಣೆ ಅಮೆರಿಕದ ಎಂಐಟಿಯಲ್ಲಿದೆ (ನಮ್ಮ ಮಣಿಪಾಲದ ಎಂಐಟಿ ಬೇರೆ, ಅದರ ಮಾತು ಮುಂದೆ ಬರುತ್ತದೆ). 1980ರ ದಶಕದಲ್ಲಿ ಜಪಾನಿನ ಕಾರು, ಟಿವಿ, ಚಿಪ್‌ಗಳ ಮುಂದೆ ಅಮೆರಿಕದ ಕಾರ್ಖಾನೆಗಳು ಸೋಲುತ್ತಿದ್ದವು. ವಿನ್ಯಾಸ ಮಾಡುವ ಎಂಜಿನಿಯರ್‌ಗೆ ದುಡ್ಡಿನ ಲೆಕ್ಕ ಗೊತ್ತಿಲ್ಲ, ದುಡ್ಡಿನ ಲೆಕ್ಕ ನೋಡುವ ಮ್ಯಾನೇಜರ್‌ಗೆ ಯಂತ್ರ ಗೊತ್ತಿಲ್ಲ ಅನ್ನುವುದು ಆಗ ಕೇಳಿಬರುತ್ತಿದ್ದ ದೊಡ್ಡ ದೂರು. ಇದಕ್ಕೆ ಉತ್ತರವಾಗಿ 1988ರಲ್ಲಿ ಎಂಐಟಿಯ ಎಂಜಿನಿಯರಿಂಗ್ ವಿಭಾಗ ಮತ್ತು ಸ್ಲೋನ್ ಮ್ಯಾನೇಜ್‌ಮೆಂಟ್ ಸ್ಕೂಲ್, ಕೆಲವು ದೊಡ್ಡ ಉತ್ಪಾದನಾ ಕಂಪನಿಗಳ ಜೊತೆ ಸೇರಿ "ಲೀಡರ್ಸ್ ಫಾರ್ ಮ್ಯಾನುಫ್ಯಾಕ್ಚರಿಂಗ್" ಎಂಬ ಕಾರ್ಯಕ್ರಮ ಶುರುಮಾಡಿದವು. 2009ರಲ್ಲಿ ಅದರ ಹೆಸರು "ಲೀಡರ್ಸ್ ಫಾರ್ ಗ್ಲೋಬಲ್ ಆಪರೇಷನ್ಸ್" ಅಂತಾಯಿತು. ಚಿಕ್ಕದಾಗಿ ಎಲ್‌ಜಿಒ.

ಇದರ ರಚನೆ ಗಮನಿಸಿ. ಅವಧಿ ಎರಡು ವರ್ಷ. ಜೂನ್‌ನಲ್ಲೇ ಶುರು, ಬೇಸಿಗೆ ರಜೆಯೆಲ್ಲ ಕ್ಲಾಸಿಗೆ ಹೋಗುತ್ತದೆ. ನಡುವೆ ಪಾಲುದಾರ ಕಂಪನಿಯೊಂದರಲ್ಲಿ ಆರು ತಿಂಗಳ ಇಂಟರ್ನ್‌ಶಿಪ್. ಆ ಕೆಲಸದ ಮೇಲೆ ಬರೆಯುವ ಒಂದೇ ಪ್ರಬಂಧ ಎರಡೂ ಡಿಗ್ರಿಗೆ ಸಲ್ಲುತ್ತದೆ. ಕೊನೆಗೆ ಎಂಬಿಎ ಒಂದು, ಎಂಜಿನಿಯರಿಂಗ್ ಮಾಸ್ಟರ್ಸ್ ಒಂದು. ಸೇರಬೇಕಾದರೆ ಕನಿಷ್ಠ ಎರಡು ವರ್ಷದ ಕೆಲಸದ ಅನುಭವ ಬೇಕು. ಹಾರ್ವರ್ಡ್ ಕೂಡ 2018ರಲ್ಲಿ ತನ್ನ ಬಿಸಿನೆಸ್ ಸ್ಕೂಲ್ ಮತ್ತು ಎಂಜಿನಿಯರಿಂಗ್ ಸ್ಕೂಲನ್ನು ಸೇರಿಸಿ ಎರಡು ವರ್ಷದ ಇಂಥದ್ದೇ ಒಂದು ಎಂ.ಎಸ್.-ಎಂಬಿಎ ಆರಂಭಿಸಿತು. ಪದವಿ ಮಟ್ಟದಲ್ಲಿ ಇನ್ನೂ ಹಳೆಯದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ "ಮ್ಯಾನೇಜ್‌ಮೆಂಟ್ ಅಂಡ್ ಟೆಕ್ನಾಲಜಿ". ಅದು 1977ರದ್ದು. ಪಿಯುಸಿ ಮಟ್ಟದ ಓದು ಮುಗಿಸಿ ಬಂದವರಿಗೆ ಎಂಜಿನಿಯರಿಂಗ್ ಪದವಿ, ವಾರ್ಟನ್‌ನ ಅರ್ಥಶಾಸ್ತ್ರ ಪದವಿ ಎರಡನ್ನೂ ಒಟ್ಟಿಗೆ ಕೊಡುತ್ತದೆ.

ಈ ಕಾರ್ಯಕ್ರಮದಿಂದ ಬಂದವರು ಏನು ಮಾಡುತ್ತಾರೆ ಅಂತ ಕೇಳಿದರೆ ಜೆಫ್ ವಿಲ್ಕ್ ಅವರ ಹೆಸರು ಹೇಳಬಹುದು. ಕೆಮಿಕಲ್ ಎಂಜಿನಿಯರಿಂಗ್ ಓದಿದ ಇವರು 1993ರಲ್ಲಿ ಎಂಐಟಿಯ ಈ ಜೋಡಿ ಪದವಿ ಮುಗಿಸಿ, ಕಾರ್ಖಾನೆಗಳಲ್ಲಿ ಕೆಲಸ ಮಾಡಿ, 1999ರಲ್ಲಿ ಅಮೆಜಾನ್ ಸೇರಿದರು. ಆಗ ಅಮೆಜಾನ್‌ನ ಗೋದಾಮುಗಳನ್ನು ಅಂಗಡಿಗೆ ಸರಕು ಕಳಿಸುವ ಉಗ್ರಾಣಗಳಂತೆ ನಡೆಸುತ್ತಿದ್ದರು. ವಿಲ್ಕ್ ಅದನ್ನು ಕಾರ್ಖಾನೆಯಂತೆ ನೋಡಿದರು: ಪ್ರತಿ ಆರ್ಡರ್ ಒಂದು ಉತ್ಪನ್ನ, ಬಿಡಿ ಸಾಮಾನುಗಳನ್ನು ಕೂಡಿಸಿ ಪೆಟ್ಟಿಗೆ ತಯಾರಿಸುವುದು ಒಂದು ಅಸೆಂಬ್ಲಿ ಲೈನ್. ಹಾಗೆ ನೋಡಿದಾಗ ಉತ್ಪಾದನಾ ಶಾಸ್ತ್ರದ ಹಳೆಯ ಸಲಕರಣೆಗಳು, ಅಂದರೆ ದೋಷಗಳ ಅಳತೆ, ಸಾಲು ನಿಲ್ಲುವ ಜಾಗದ ಪತ್ತೆ, ವ್ಯತ್ಯಾಸ ಕಡಿಮೆ ಮಾಡುವುದು ಎಲ್ಲವೂ ಅಲ್ಲಿ ಕೆಲಸಕ್ಕೆ ಬಂದವು.

ಒಂದು ಬಿಡಿಭಾಗದ ಲೆಕ್ಕ

ಎರಡು ವಿದ್ಯೆ ಒಂದೇ ತಲೆಯಲ್ಲಿದ್ದರೆ ಏನು ಲಾಭ ಅನ್ನುವುದನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡೋಣ. ಸಂಖ್ಯೆಗಳು ಉದಾಹರಣೆಗಾಗಿ ಇಟ್ಟುಕೊಂಡವು.

ಒಂದು ಕಾರ್ಖಾನೆಯಲ್ಲಿ ಮುಖ್ಯ ಯಂತ್ರಕ್ಕೆ ಒಂದು ಗೇರ್‌ಬಾಕ್ಸ್ ಇದೆ. ಬೆಲೆ 4 ಲಕ್ಷ ರೂಪಾಯಿ. ಅದು ಹಾಳಾದರೆ ಹೊಸದು ಬರಲು 15 ದಿನ. ಅಲ್ಲಿಯವರೆಗೆ ಲೈನ್ ನಿಂತರೆ ದಿನಕ್ಕೆ 2 ಲಕ್ಷ ನಷ್ಟ. ಅಂದರೆ ಒಂದು ಸಲ ಕೆಟ್ಟರೆ 30 ಲಕ್ಷ. ಹಾಗಾದರೆ ಒಂದು ಸ್ಪೇರ್ ತಂದು ಸ್ಟೋರ್‌ನಲ್ಲಿ ಇಡಬೇಕೇ?

ಸ್ಪೇರ್ ಇಡುವುದಕ್ಕೂ ಖರ್ಚಿದೆ. ಬಂಡವಾಳದ ಬಡ್ಡಿ, ಜಾಗ, ವಿಮೆ, ಹಳತಾಗುವುದು ಎಲ್ಲ ಸೇರಿ ವರ್ಷಕ್ಕೆ ಬೆಲೆಯ 20% ಅಂತ ಇಟ್ಕೊಳ್ಳಿ. ಅಂದರೆ 80,000 ರೂಪಾಯಿ. ಗೇರ್‌ಬಾಕ್ಸ್ ಒಂದು ವರ್ಷದಲ್ಲಿ ಕೆಡುವ ಸಂಭವ 5% ಆದರೆ ನಿರೀಕ್ಷಿತ ನಷ್ಟ 30 ಲಕ್ಷದ 5%, ಅಂದರೆ 1.5 ಲಕ್ಷ. 80,000 ಕೊಟ್ಟು 1.5 ಲಕ್ಷ ಉಳಿಸಬಹುದು. ಸ್ಪೇರ್ ಇಡಿ. ಸಂಭವ 2% ಆದರೆ ನಿರೀಕ್ಷಿತ ನಷ್ಟ 60,000. ಇಡಬೇಡಿ. ಎರಡೂ ಸಮವಾಗುವ ಬಿಂದು ಸುಮಾರು 2.7%.

ಈಗ ನೋಡಿ, 2 ಪರ್ಸೆಂಟಾ 5 ಪರ್ಸೆಂಟಾ ಅಂತ ಹೇಳಬೇಕಾದ್ದು ಯಾರು? ಬೇರಿಂಗ್ ಆಯುಷ್ಯ, ಕಂಪನದ ರೀಡಿಂಗ್, ಲೋಡ್ ಚರಿತ್ರೆ ನೋಡಿ ಲೆಕ್ಕ ಹಾಕುವ ಎಂಜಿನಿಯರ್. ಇಡುವ ಖರ್ಚು 20 ಪರ್ಸೆಂಟಾ 12 ಪರ್ಸೆಂಟಾ ಅಂತ ಹೇಳಬೇಕಾದ್ದು ಫೈನಾನ್ಸ್‌ನವರು. ಅದು 12% ಆದರೆ ವರ್ಷಕ್ಕೆ 48,000 ಮಾತ್ರ. ಆಗ ಸಂಭವ 2% ಇದ್ದರೂ ಸ್ಪೇರ್ ಇಡುವುದೇ ಸರಿ. ಒಬ್ಬರ ಸಂಖ್ಯೆ ಬದಲಾದರೆ ಇನ್ನೊಬ್ಬರ ತೀರ್ಮಾನ ತಿರುಗಿ ಬೀಳುತ್ತದೆ. ನಿಜವಾದ ಕಂಪನಿಗಳಲ್ಲಿ ಈ ಇಬ್ಬರು ಬೇರೆ ಬೇರೆ ಮಹಡಿಯಲ್ಲಿ ಕೂತಿರುತ್ತಾರೆ. ಒಬ್ಬರು "ಸೇಫ್ಟಿಗೆ ಬೇಕು" ಅಂತಾರೆ, ಇನ್ನೊಬ್ಬರು "ಬಜೆಟ್ ಇಲ್ಲ" ಅಂತಾರೆ. ಎರಡೂ ಸಂಖ್ಯೆಯನ್ನು ಒಂದೇ ಹಾಳೆಯಲ್ಲಿ ಬರೆಯಬಲ್ಲವರಿಗೆ ಬೆಲೆ ಬರುವುದು ಇದಕ್ಕೇ. ಎಲ್‌ಜಿಒ ಮಾದರಿಯ ಆರು ತಿಂಗಳ ಇಂಟರ್ನ್‌ಶಿಪ್ ಕಲಿಸಲು ಹೊರಡುವುದೂ ಇದನ್ನೇ.

ಹಾಗಂತ ಇದಕ್ಕೆ ಎರಡು ಡಿಗ್ರಿಯೇ ಬೇಕು ಅಂತಿಲ್ಲ. ಈ ಲೆಕ್ಕ ಮಾಡಲು ನಮ್ಮ ಬಿ.ಇ.ಯ ಪ್ರಾಬಬಿಲಿಟಿ ಮತ್ತು ಒಂದು ಒಳ್ಳೆಯ ಎಂಜಿನಿಯರಿಂಗ್ ಎಕನಾಮಿಕ್ಸ್ ಪುಸ್ತಕ ಸಾಕು. ಇಂಥ ಪ್ರಶ್ನೆಗಳನ್ನು ದಿನವೂ ಎದುರಿಸುವ ಕೆಲಸ ನಿಮಗೆ ಬೇಕೋ ಬೇಡವೋ ಎಂಬುದು ಮೊದಲು ತೀರ್ಮಾನವಾಗಬೇಕು. ಆಪರೇಷನ್ಸ್, ಸಪ್ಲೈ ಚೈನ್, ಪ್ರಾಡಕ್ಟ್ ಮ್ಯಾನೇಜ್‌ಮೆಂಟ್, ಸ್ವಂತ ಉದ್ಯಮ ಈ ಕಡೆ ಮನಸ್ಸಿದ್ದವರಿಗೆ ಜೋಡಿ ಉಪಯೋಗಕ್ಕೆ ಬರುತ್ತದೆ. ವಿಎಲ್‌ಎಸ್‌ಐ ಡಿಸೈನ್, ಸ್ಟ್ರಕ್ಚರಲ್ ಅನಾಲಿಸಿಸ್, ಸಂಶೋಧನೆ ಕಡೆ ಆಳಕ್ಕೆ ಇಳಿಯಬೇಕು ಅನ್ನುವವರಿಗೆ ಆ ಎರಡು ವರ್ಷವನ್ನು ಪೂರ್ತಿಯಾಗಿ ಎಂ.ಟೆಕ್.ಗೆ ಕೊಡುವುದೇ ಲಾಭ.

ನಮ್ಮಲ್ಲಿ ನಿಯಮ ಏನು ಹೇಳುತ್ತದೆ?

ಭಾರತದಲ್ಲಿ ಬಹಳ ಕಾಲ ಒಬ್ಬ ವಿದ್ಯಾರ್ಥಿ ಒಂದು ಸಮಯಕ್ಕೆ ಒಂದೇ ಪೂರ್ಣಾವಧಿ ಪದವಿ ಓದಬೇಕಿತ್ತು. 2022ರ ಏಪ್ರಿಲ್‌ನಲ್ಲಿ ಯುಜಿಸಿ ಹೊಸ ಮಾರ್ಗಸೂಚಿ ಹೊರಡಿಸಿ ಎರಡಕ್ಕೆ ದಾರಿ ಬಿಟ್ಟಿತು. ಅದರ ಸಾರ ಇಷ್ಟು:

1. ಎರಡನ್ನೂ ಕ್ಲಾಸಿಗೆ ಹೋಗಿಯೇ ಓದಬಹುದು, ಆದರೆ ಎರಡರ ತರಗತಿ ಸಮಯ ಒಂದರ ಮೇಲೊಂದು ಬೀಳಬಾರದು.

2. ಒಂದನ್ನು ಕ್ಲಾಸಿಗೆ ಹೋಗಿ, ಇನ್ನೊಂದನ್ನು ದೂರಶಿಕ್ಷಣ ಅಥವಾ ಆನ್‌ಲೈನ್‌ನಲ್ಲಿ ಓದಬಹುದು.

3. ಎರಡನ್ನೂ ದೂರಶಿಕ್ಷಣ ಅಥವಾ ಆನ್‌ಲೈನ್‌ನಲ್ಲಿ ಓದಬಹುದು. ಆದರೆ ಸಂಸ್ಥೆಗೆ ಮಾನ್ಯತೆ ಇರಬೇಕು.

4. ಪಿಎಚ್‌.ಡಿ.ಗೆ ಇದು ಅನ್ವಯಿಸುವುದಿಲ್ಲ. ಆಯಾ ವೃತ್ತಿಪರ ಮಂಡಳಿಗಳ ನಿಯಮಗಳೂ ಪಾಲನೆಯಾಗಬೇಕು.

ಇದನ್ನು ಓದಿದ ಕೂಡಲೇ "ಸರಿ, ಬಿ.ಇ. ಜೊತೆ ಎಂಬಿಎ ಮಾಡ್ತೀನಿ" ಅಂತ ಹೊರಡುವವರು ಒಂದು ನಿಮಿಷ ನಿಲ್ಲಿ. ಎಂಬಿಎ ಸ್ನಾತಕೋತ್ತರ ಪದವಿ. ಅದಕ್ಕೆ ಸೇರಲು ಕೈಯಲ್ಲಿ ಕನಿಷ್ಠ ಮೂರು ವರ್ಷದ ಒಂದು ಪದವಿ ಇರಲೇಬೇಕು. ಜೊತೆಗೆ ಸಾಮಾನ್ಯ ವರ್ಗಕ್ಕೆ 50%, ಮೀಸಲು ವರ್ಗಕ್ಕೆ 45% ಅಂಕ ಬೇಕು. ಬಿ.ಇ. ಓದುತ್ತಿರುವವರ ಕೈಯಲ್ಲಿ ಇನ್ನೂ ಪದವಿ ಇಲ್ಲ. ಹಾಗಾಗಿ ಮೊದಲೇ ಜೋಡಿಸಿಟ್ಟ ಐದು ವರ್ಷದ ಕಾರ್ಯಕ್ರಮ ಬಿಟ್ಟರೆ, ಬಿ.ಇ. ನಡುವೆ ಎಂಬಿಎ ಸಾಧ್ಯವಿಲ್ಲ. ಮೂರನೇ ವರ್ಷದಲ್ಲಿರುವ ನಿಮಗೆ ಯಾರಾದರೂ ಫೋನ್ ಮಾಡಿ "ಈಗಲೇ ಎಂಬಿಎ ಸೀಟು ಬುಕ್ ಮಾಡಿ" ಎಂದರೆ ಅದು ಎಂಬಿಎ ಅಲ್ಲ, ಎಂಬಿಎ ಅನ್ನುವ ಹೆಸರಿನ ಬೇರೇನೋ ಸರ್ಟಿಫಿಕೇಟ್.

ಬಿ.ಇ. ಜೊತೆಗೆ ನಿಜವಾಗಿ ಓದಬಹುದಾದ ಬಿಸಿನೆಸ್ ಡಿಗ್ರಿ ಬಿಬಿಎ. ಐಐಎಂ ಬೆಂಗಳೂರು 2024ರಲ್ಲಿ ಡಿಜಿಟಲ್ ಬಿಸಿನೆಸ್ ಮತ್ತು ಉದ್ಯಮಶೀಲತೆ ವಿಷಯದಲ್ಲಿ ಮೂರು ವರ್ಷದ ಆನ್‌ಲೈನ್ ಬಿಬಿಎ ಶುರುಮಾಡಿದೆ. ಎಂಬಿಎಯನ್ನು ಜೊತೆಗೆ ಓದಲು ಸಾಧ್ಯವಾಗುವುದು ಎಂ.ಟೆಕ್. ಹಂತದಲ್ಲಿ. ಅಲ್ಲೂ ಎಂಜಿನಿಯರಿಂಗ್ ಭಾಗ ಕ್ಲಾಸಿನಲ್ಲೇ ಆಗಬೇಕು, ಏಕೆಂದರೆ ಯುಜಿಸಿ ನಿಯಮದಲ್ಲಿ ಎಂಜಿನಿಯರಿಂಗ್, ವೈದ್ಯಕೀಯ, ಕಾನೂನು ಮುಂತಾದವನ್ನು ಆನ್‌ಲೈನ್ ಅಥವಾ ದೂರಶಿಕ್ಷಣದಲ್ಲಿ ಕೊಡುವಂತಿಲ್ಲ. ಆನ್‌ಲೈನ್ ಎಂಬಿಎಗೆ ಸೇರುವಾಗ ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ಆ ಸಂಸ್ಥೆಯ ಹೆಸರಷ್ಟೇ ಸಾಲದು, ಆ ನಿರ್ದಿಷ್ಟ ಕೋರ್ಸ್ ಮತ್ತು ಆ ವರ್ಷದ ಪ್ರವೇಶ ಎರಡೂ ಇದೆಯೇ ಅಂತ ನೋಡಿ.

ಮಾರ್ಗಸೂಚಿ ಬಂದ ಮಾತ್ರಕ್ಕೆ ಎಲ್ಲ ವಿಶ್ವವಿದ್ಯಾಲಯವೂ ಒಪ್ಪಿತು ಎಂದೂ ಅಲ್ಲ. ಹಾಜರಾತಿ, ಪರೀಕ್ಷಾ ದಿನಾಂಕಗಳ ಘರ್ಷಣೆ, ಮೂಲ ದಾಖಲೆ ಯಾರ ಹತ್ತಿರ ಇರಬೇಕು (ಟಿ.ಸಿ. ಇರುವುದು ಒಂದೇ!), ಗೇಟ್ ಸ್ಟೈಪೆಂಡ್‌ನ ಷರತ್ತು ಏನು ಇದನ್ನೆಲ್ಲ ನಿಮ್ಮ ಕಾಲೇಜಿನ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನ "ಆಗುತ್ತೆ ಬಿಡಿ" ಪರೀಕ್ಷೆಯ ದಿನ ನಿಮ್ಮ ಸಹಾಯಕ್ಕೆ ಬರುವುದಿಲ್ಲ.

ಗಂಟೆಗಳ ಲೆಕ್ಕ

ನಿಯಮ ಅನುಮತಿಸುತ್ತದೆ ಅಂದುಕೊಳ್ಳೋಣ. ಈಗ ವಾರದಲ್ಲಿ ಎಷ್ಟು ಗಂಟೆ ಬೇಕು? ಯುಜಿಸಿಯ ದೂರಶಿಕ್ಷಣ ನಿಯಮದಲ್ಲಿ ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ 30 ಗಂಟೆ ಓದು. ಎಂಬಿಎ 80 ಕ್ರೆಡಿಟ್‌ನದು ಅಂತ ಇಟ್ಕೊಳ್ಳಿ. 80 ಗುಣಿಸು 30 ಅಂದರೆ 2,400 ಗಂಟೆ. ಎರಡು ವರ್ಷಕ್ಕೆ 104 ವಾರ. ವಾರಕ್ಕೆ ಸುಮಾರು 23 ಗಂಟೆ, ರಜೆ ಒಂದೂ ಇಲ್ಲದೆ. ಅಂದರೆ ಎಂ.ಟೆಕ್. ಕ್ಲಾಸು, ಲ್ಯಾಬು, ಥೀಸಿಸ್ ಮುಗಿದ ಮೇಲೆ ದಿನಾ ಮೂರು ಗಂಟೆಗಿಂತ ಹೆಚ್ಚು, ಭಾನುವಾರವೂ ಸೇರಿ.

"ಅಷ್ಟೆಲ್ಲ ಯಾರು ಓದ್ತಾರೆ, ಪರೀಕ್ಷೆಗೆ ಎರಡು ದಿನ ಮುಂಚೆ ಕೂತ್ರೆ ಪಾಸಾಗಬಹುದು" ಅನ್ನಬಹುದು. ನಿಜ, ಪಾಸಾಗಬಹುದು. ಆಗ ನಿಮಗೆ ಸಿಗುವುದು 2,400 ಗಂಟೆ ಓದಿದವರ ಸರ್ಟಿಫಿಕೇಟ್, 100 ಗಂಟೆ ಓದಿದವರ ತಿಳಿವಳಿಕೆ. ಇಂಟರ್‌ವ್ಯೂನಲ್ಲಿ ಕೂತವರು ಸರ್ಟಿಫಿಕೇಟನ್ನು ಒಂದು ನಿಮಿಷ ನೋಡುತ್ತಾರೆ. ಉಳಿದ 29 ನಿಮಿಷ ನಿಮ್ಮನ್ನು ಮಾತಾಡಿಸುತ್ತಾರೆ.

ದೊಡ್ಡ ನಷ್ಟ ಇನ್ನೊಂದಿದೆ. ಎಂಬಿಎ ಕ್ಲಾಸು ಬಹುಮಟ್ಟಿಗೆ ನಡೆಯುವುದು ಕೇಸ್ ಚರ್ಚೆಯಿಂದ. ಒಬ್ಬ ಬ್ಯಾಂಕಿನಿಂದ ಬಂದಿರುತ್ತಾನೆ, ಒಬ್ಬಳು ಫ್ಯಾಕ್ಟರಿಯಲ್ಲಿ ಶಿಫ್ಟ್ ನಡೆಸಿ ಬಂದಿರುತ್ತಾಳೆ, ಇನ್ನೊಬ್ಬರು ಸೇನೆಯಲ್ಲಿದ್ದು ಬಂದಿರುತ್ತಾರೆ. ಪಾಠದ ಅರ್ಧ ಭಾಗ ಇವರ ಜಗಳದಿಂದ ಬರುತ್ತದೆ. ಒಂಟಿಯಾಗಿ ರಾತ್ರಿ ಹನ್ನೊಂದಕ್ಕೆ ರೆಕಾರ್ಡ್ ಆದ ವಿಡಿಯೊವನ್ನು ಎರಡು ಪಟ್ಟು ವೇಗದಲ್ಲಿ ನೋಡುವವರಿಗೆ ಆ ಅರ್ಧ ಸಿಗುವುದಿಲ್ಲ. ಸಹಪಾಠಿಗಳು, ಹಳೆಯ ವಿದ್ಯಾರ್ಥಿಗಳು, ಕ್ಯಾಂಪಸ್ ನೇಮಕಾತಿ ಇವೂ ಸಿಗುವುದಿಲ್ಲ. ಎಂಬಿಎ ಶುಲ್ಕದಲ್ಲಿ ಇವುಗಳ ಬೆಲೆ ಎಷ್ಟಿದೆ ಅಂತ ಯೋಚಿಸಿ ನೋಡಿ.

ಒಂದಾದ ಮೇಲೊಂದು ಹೋದವರು

ನಾವು ಸಭೆಗಳಲ್ಲಿ ಉದಾಹರಿಸುವ ದೊಡ್ಡ ಹೆಸರುಗಳನ್ನು ನೋಡಿ. ಸುಂದರ್ ಪಿಚೈ ಖರಗ್‌ಪುರದ ಐಐಟಿಯಲ್ಲಿ ಬಿ.ಟೆಕ್., ಸ್ಟ್ಯಾನ್‌ಫರ್ಡ್‌ನಲ್ಲಿ ಎಂ.ಎಸ್., ಆಮೇಲೆ ಕೆಲಸ, 2002ರಲ್ಲಿ ವಾರ್ಟನ್ ಎಂಬಿಎ. ಜನರಲ್ ಮೋಟಾರ್ಸ್‌ನ ಮೇರಿ ಬಾರಾ ಎಲೆಕ್ಟ್ರಿಕಲ್ ಎಂಜಿನಿಯರ್. ಕಂಪನಿಯೇ ಕೊಟ್ಟ ಫೆಲೋಶಿಪ್ ಮೇಲೆ ಸ್ಟ್ಯಾನ್‌ಫರ್ಡ್‌ಗೆ ಹೋಗಿ 1990ರಲ್ಲಿ ಎಂಬಿಎ ಮುಗಿಸಿದರು. ಇಬ್ಬರೂ ಒಂದಾದ ಮೇಲೊಂದು.

ನಮ್ಮ ರಾಜ್ಯಕ್ಕೆ ಹತ್ತಿರದ ಕಥೆ ಸತ್ಯ ನಾದೆಲ್ಲಾ ಅವರದ್ದು. 1988ರಲ್ಲಿ ಮಣಿಪಾಲದ ಎಂಐಟಿಯಿಂದ ಎಲೆಕ್ಟ್ರಿಕಲ್ ಬಿ.ಇ., ವಿಸ್ಕಾನ್ಸಿನ್-ಮಿಲ್ವಾಕಿಯಲ್ಲಿ ಕಂಪ್ಯೂಟರ್ ಸೈನ್ಸ್ ಎಂ.ಎಸ್., 1992ರಲ್ಲಿ ಮೈಕ್ರೋಸಾಫ್ಟ್ ಕೆಲಸ. ಎಂಬಿಎ ಓದಿದ್ದು ಕೆಲಸದ ಜೊತೆಗೆ, ಶಿಕಾಗೊ ವಿಶ್ವವಿದ್ಯಾಲಯದ ವಾರಾಂತ್ಯದ ಕಾರ್ಯಕ್ರಮದಲ್ಲಿ. ಸಿಯಾಟಲ್ ಕಡೆಯಿಂದ ಶಿಕಾಗೊಗೆ ವಿಮಾನದ ದಾರಿ ಸುಮಾರು 2,800 ಕಿ.ಮೀ. ವಾರಾಂತ್ಯಕ್ಕೆ ಹಾರಿ ಹೋಗಿ, ಮತ್ತೆ ಕೆಲಸಕ್ಕೆ ವಾಪಸು. 1997ರಲ್ಲಿ ಎಂಬಿಎ ಮುಗಿಯಿತು. ಇಲ್ಲಿ ಹಲಗೆಯಾಗಿ ನಿಂತದ್ದು ಅವರ ಕೆಲಸ. ಶನಿವಾರ ಕ್ಲಾಸಿನಲ್ಲಿ ಕೇಳಿದ್ದನ್ನು ಸೋಮವಾರ ಆಫೀಸಿನಲ್ಲಿ ಪರೀಕ್ಷಿಸಿ ನೋಡಲು ಅವರಿಗೆ ಜಾಗ ಇತ್ತು. ಬೆಂಗಳೂರಿನ ಐಐಎಂನಲ್ಲೂ ಕೆಲಸದಲ್ಲಿರುವವರಿಗಾಗಿ ವಾರಾಂತ್ಯದ ಪಿಜಿಪಿಇಎಂ ಇದೆ. ಬನ್ನೇರುಘಟ್ಟ ರಸ್ತೆಗೆ ವಿಮಾನ ಬೇಕಿಲ್ಲ, ಟ್ರಾಫಿಕ್ ಸಹಿಸುವ ತಾಳ್ಮೆ ಸಾಕು.

ಅಂತಿಮ ವರ್ಷದಲ್ಲೇ ಸೀಟು ಖಚಿತಪಡಿಸಿಕೊಳ್ಳಬೇಕು ಅನ್ನುವವರಿಗೆ ಮುಂದೂಡಿದ ಪ್ರವೇಶ ಎಂಬ ವ್ಯವಸ್ಥೆಯೂ ಇದೆ. ಹಾರ್ವರ್ಡ್‌ನ "2+2" ಈ ಬಗೆಯದು. ಈಗ ಅರ್ಜಿ ಹಾಕಿ ಆಯ್ಕೆಯಾಗಿ, ಕನಿಷ್ಠ ಎರಡು ವರ್ಷ ಕೆಲಸ ಮಾಡಿ, ಆಮೇಲೆ ಕ್ಲಾಸಿಗೆ ಹೋಗುವುದು. ಬಿಸಿನೆಸ್ ಸ್ಕೂಲ್‌ಗಳೇ "ಮೊದಲು ಕೆಲಸ ಮಾಡಿ ಬಾ" ಅಂತ ಸೀಟು ಕಾಯ್ದಿರಿಸುತ್ತಿವೆ ಅನ್ನುವುದನ್ನು ಗಮನಿಸಿ.

ಅಮೆರಿಕದಲ್ಲಿ ಜೋಡಿ ಪದವಿ ಮಾಡುವ ಯೋಚನೆ ಇದ್ದವರಿಗೆ ಒಂದು ಮಾತು. ಓದಿನ ನಂತರ ಕೆಲಸ ಮಾಡಲು ಸಿಗುವ 12 ತಿಂಗಳ ಒಪಿಟಿ ಲೆಕ್ಕ ಆಗುವುದು ಓದಿನ ಮಟ್ಟಕ್ಕೆ, ಡಿಗ್ರಿಗಳ ಸಂಖ್ಯೆಗಲ್ಲ. ಎರಡು ಮಾಸ್ಟರ್ಸ್ ಪಡೆದರೂ ಒಪಿಟಿ ಎರಡು ಸಲ ಸಿಗುವುದಿಲ್ಲ. ಆದರೆ ಸ್ಟೆಮ್ ವರ್ಗದ ಡಿಗ್ರಿಗೆ ಇರುವ 24 ತಿಂಗಳ ವಿಸ್ತರಣೆ, ಜೋಡಿಯಲ್ಲಿರುವ ಎಂಜಿನಿಯರಿಂಗ್ ಮಾಸ್ಟರ್ಸ್‌ನಿಂದ ಬರಬಹುದು. ವೀಸಾ ನಿಯಮ ಬದಲಾಗುತ್ತಾ ಇರುತ್ತದೆ, ಅರ್ಜಿ ಹಾಕುವ ವರ್ಷದ ನಿಯಮವನ್ನೇ ಓದಿಕೊಳ್ಳಿ.

ಬಿ.ಇ. ಇರುವಾಗಲೇ ಏನು ಮಾಡಬಹುದು?

ಬಿಸಿನೆಸ್ ರುಚಿ ನೋಡಲು ಇನ್ನೊಂದು ಡಿಗ್ರಿಯೇ ಬೇಕಿಲ್ಲ. ಎಐಸಿಟಿಇಯ ಮಾದರಿ ಪಠ್ಯಕ್ರಮದಲ್ಲಿ ಎಂಜಿನಿಯರಿಂಗ್ ಪದವಿಗೆ 160 ಕ್ರೆಡಿಟ್. ಅದರ ಮೇಲೆ 18ರಿಂದ 20 ಕ್ರೆಡಿಟ್ ಹೆಚ್ಚು ಮಾಡಿದರೆ ಆನರ್ಸ್ ಅಥವಾ ಮೈನರ್ ಸಿಗುವ ಅವಕಾಶ ಇದೆ. ಎನ್‌ಪಿಟಿಇಎಲ್‌ನ 12 ವಾರದ ಕೋರ್ಸಿಗೆ ಸಾಮಾನ್ಯವಾಗಿ 3 ಕ್ರೆಡಿಟ್. ಹಾಗಾದರೆ 18 ಕ್ರೆಡಿಟ್‌ಗೆ ಆರು ಕೋರ್ಸ್. ಎರಡೂವರೆ ವರ್ಷಕ್ಕೆ ಹಂಚಿದರೆ ಸೆಮಿಸ್ಟರ್‌ಗೆ ಒಂದೋ ಎರಡೋ. ನಿಮ್ಮ ಕಾಲೇಜಿನಲ್ಲಿ ಯಾವ ವಿಷಯಕ್ಕೆ ಮಾನ್ಯತೆ ಇದೆ ಅನ್ನುವುದನ್ನು ಮೊದಲು ವಿಚಾರಿಸಿ. ಕ್ರೆಡಿಟ್ ಸಿಗದಿದ್ದರೂ ಅಕೌಂಟಿಂಗ್ ಒಂದು, ಆಪರೇಷನ್ಸ್ ಒಂದು, ಎರಡು ಕೋರ್ಸ್ ಮಾಡಿ ನೋಡಿ. ಬ್ಯಾಲೆನ್ಸ್ ಶೀಟ್ ಓದುವಾಗ ನಿದ್ದೆ ಬರುತ್ತದೋ ಕುತೂಹಲ ಹುಟ್ಟುತ್ತದೋ ಎಂಬುದು ಲಕ್ಷಾಂತರ ರೂಪಾಯಿ ಸಾಲ ತೆಗೆಯುವ ಮೊದಲೇ ಗೊತ್ತಾಗುತ್ತದೆ.

ಕೊನೆಯ ವರ್ಷದ ಪ್ರಾಜೆಕ್ಟನ್ನೂ ಹಲಗೆ ಮಾಡಿಕೊಳ್ಳಬಹುದು. ಸೋಲಾರ್ ಡ್ರೈಯರ್ ಮಾಡುತ್ತಿದ್ದೀರಾ? ದಕ್ಷತೆಯ ಗ್ರಾಫಿನ ಪಕ್ಕದಲ್ಲಿ ಇನ್ನೊಂದು ಪುಟ ಸೇರಿಸಿ: ಒಂದು ಕೆಜಿ ಒಣಗಿಸಲು ಎಷ್ಟು ಖರ್ಚು, ಎಷ್ಟು ತಿಂಗಳಲ್ಲಿ ಹಾಕಿದ ದುಡ್ಡು ವಾಪಸು, ರೈತರು ಕೊಳ್ಳುತ್ತಾರೋ ಬಾಡಿಗೆಗೆ ತರುತ್ತಾರೋ. ಆ ಒಂದು ಪುಟ ಬರೆಯಲು ಪಡುವ ಕಷ್ಟದಲ್ಲೇ ನಿಮಗೆ ಎಂಬಿಎ ಯಾಕೆ ಬೇಕು, ಅಥವಾ ಯಾಕೆ ಬೇಡ ಅನ್ನುವುದು ತಿಳಿಯುತ್ತದೆ.

ಸಹಿ ಹಾಕುವ ಮೊದಲು ಐದು ಪ್ರಶ್ನೆ

1. ಎರಡೂ ಡಿಗ್ರಿಗೆ ಸಲ್ಲುವ ಕ್ರೆಡಿಟ್ ಎಷ್ಟು? ಉತ್ತರ ಸೊನ್ನೆಯಾದರೆ ಅದು ಜೋಡಿ ಪದವಿಯಲ್ಲ, ಎರಡು ಪದವಿ.

2. ಎರಡನ್ನೂ ಕೂಡಿಸುವ ಒಂದು ಪ್ರಾಜೆಕ್ಟ್, ಇಂಟರ್ನ್‌ಶಿಪ್ ಅಥವಾ ಕೆಲಸ ಇದೆಯೇ?

3. ವಾರದಲ್ಲಿ ಎಷ್ಟು ಗಂಟೆ ಬೇಕು, ಆ ಗಂಟೆಗಳು ಯಾವುದರಿಂದ ಕಡಿತವಾಗುತ್ತವೆ? ನಿದ್ದೆಯಿಂದಲೋ ಥೀಸಿಸ್‌ನಿಂದಲೋ?

4. ಮಧ್ಯದಲ್ಲಿ ಒಂದನ್ನು ಬಿಡಬೇಕಾಗಿ ಬಂದರೆ ಇನ್ನೊಂದು ಉಳಿಯುತ್ತದೆಯೇ? ಕಟ್ಟಿದ ಫೀಸಿನ ಗತಿ ಏನು?

5. ಐದು ವರ್ಷ ಬಿಟ್ಟು ಇದೇ ಎಂಬಿಎ ಮಾಡಿದರೆ ಈಗ ಸಿಗುವುದಕ್ಕಿಂತ ಹೆಚ್ಚು ಸಿಗುತ್ತದೆಯೇ?

ಕೊನೆಯ ಪ್ರಶ್ನೆಗೆ "ಹೌದು" ಅಂತ ಉತ್ತರ ಬಂದರೆ ಬೇಜಾರು ಮಾಡಿಕೊಳ್ಳಬೇಡಿ. ಎಂಬಿಎ ಎಲ್ಲಿಗೂ ಓಡಿಹೋಗುವುದಿಲ್ಲ. ಬಿ.ಇ.ಯ ಲ್ಯಾಬು, ತಪ್ಪಿದರೆ ಬೈದು ತಿದ್ದುವ ಗುರುಗಳು, ರಾತ್ರಿ ಎರಡಕ್ಕೂ ಸರ್ಕ್ಯೂಟ್ ಬಗ್ಗೆ ವಾದ ಮಾಡುವ ರೂಮ್‌ಮೇಟ್ ಮಾತ್ರ ಈ ನಾಲ್ಕು ವರ್ಷ ಬಿಟ್ಟರೆ ಮತ್ತೆ ಸಿಗುವುದಿಲ್ಲ. ಮೊದಲ ಡಿಗ್ರಿ ಗಟ್ಟಿಯಾಗಲಿ. ಎರಡನೆಯದನ್ನು ಯಾವಾಗ, ಎಲ್ಲಿ, ಯಾವುದರ ಜೊತೆ ಅನ್ನುವ ಲೆಕ್ಕ ಈಗ ನಿಮ್ಮ ಕೈಯಲ್ಲಿದೆ, ಹಾಕಿ ನೋಡಿ.